ಸುತ್ತೋಲೆಯ ಎರಡನೇ ಹಾಳೆ

ಈಗ ಕಾಲೇಜುಗಳಿಗೆ ದೈಹಿಕ ಶಿಕ್ಷಣ ನಿರ್ದೇಶಕರಾಗಿ ಸೇರುವ ಹುಡುಗ ಹುಡುಗಿಯರು ಒಮ್ಮೊಮ್ಮೆ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾರೆ, ಗೋಡೆಯ ಮೇಲಿನ ತಂಡಗಳ ಫೋಟೊ ನೋಡುತ್ತಾರೆ, ನಿಮ್ಮ ಕಾಲದಲ್ಲಿ ಹೇಗಿತ್ತು ಎಂದು ಕೇಳುತ್ತಾರೆ. ಅವರಿಗೆ ಬೇಕಾಗಿರುವುದು ಗೆದ್ದ ಕಥೆ. ಗೆದ್ದದ್ದನ್ನು ಫೋಟೊಗಳೇ ಹೇಳುತ್ತವೆ, ಅದಕ್ಕೆ ನಾನ್ಯಾಕೆ ಬೇಕು? ನಾನು ಅವರಿಗೆ ಹೇಳುವುದು ನಾನು ಮಾಡಿದ ಒಂದು ಗಲತಿಯ ಕಥೆಯನ್ನು. ಮೊದಮೊದಲು ಹೇಳಲು ನಾಚಿಕೆಯಾಗುತ್ತಿತ್ತು. ಈಗ ವಯಸ್ಸಾಯಿತು, ನಾಚಿಕೆಗೂ ವಯಸ್ಸಾಯಿತು. ಅದಕ್ಕೇ ಬರೆದಿಡುತ್ತಿದ್ದೇನೆ.

ನಾನು ನೌಕರಿಗೆ ಸೇರಿದ್ದು ಬಿಜಾಪುರದ ಒಂದು ಕಾಲೇಜಿನಲ್ಲಿ, ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸೇರಿದ ದಿನ ನನಗೆ ಕೊಟ್ಟದ್ದು ಒಂದು ಕತ್ತಲೆ ಕೋಣೆ, ಒಂದು ಬೀಗ, ಒಂದು ಹರಿದ ವಾಲಿಬಾಲ್ ನೆಟ್ಟು ಮತ್ತು ಎರಡು ಚೀಲ ಸುಣ್ಣದ ಪುಡಿ. ಅಂಗಳಕ್ಕೆ ಗೆರೆ ಹಾಕುವವನು ನಾನೇ, ನೆಟ್ಟು ಹೊಲಿಯುವವನು ನಾನೇ, ಹುಡುಗರ ಕಾಲು ಉಳುಕಿದರೆ ತಿಕ್ಕುವವನೂ ನಾನೇ. ಉಳಿದ ಪ್ರಾಧ್ಯಾಪಕರು ಸ್ಟಾಫ್ ರೂಮಿನಲ್ಲಿ ನನಗೆ ಕುರ್ಚಿ ಕೊಡುತ್ತಿದ್ದರು, ಆದರೆ ಮಾತಿನ ನಡುವೆ ಜಾಗ ಕೊಡುತ್ತಿರಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದಿನ ಕಥೆಗೆ ಅದೇ ಮೂಲ.

ನಮ್ಮ ಕೆಲಸದಲ್ಲಿ ದೇವರಿಗಿಂತ ದೊಡ್ಡದು ಸುತ್ತೋಲೆ. ವಿಶ್ವವಿದ್ಯಾಲಯದಿಂದ ಪ್ರತಿ ವರ್ಷ ಮಳೆಗಾಲದಲ್ಲಿ ಒಂದು ಬರುತ್ತಿತ್ತು, ಬರುವಾಗ ಯಾವುದಾದರೂ ನಿಯಮ ಬದಲಿಸಿಕೊಂಡೇ ಬರುತ್ತಿತ್ತು. ಒಂದು ವರ್ಷ ಆಟಗಾರರ ತೂಕ ಬರೆದು ಕಳಿಸಿ ಎಂದು ಬಂತು. ಕಾಲೇಜಿನಲ್ಲಿ ತೂಕದ ಯಂತ್ರ ಎಲ್ಲಿಂದ ಬರಬೇಕು? ನನ್ನ ಕಬಡ್ಡಿ ಹುಡುಗರನ್ನೆಲ್ಲ ಕರೆದುಕೊಂಡು ಮಾರ್ಕೆಟ್ಟಿಗೆ ಹೋಗಿ, ಮೆಣಸಿನಕಾಯಿ ಚೀಲ ತೂಗುವ ದೊಡ್ಡ ತಕ್ಕಡಿಯಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸಿ ತೂಗಿಸಿದೆ. ಅಡತಿ ಅಂಗಡಿಯ ಸಾಹುಕಾರರು ಗಂಭೀರವಾಗಿ ಕನ್ನಡಕ ಏರಿಸಿ, ಇವರಲ್ಲಿ ಖಾಲಿ ಚೀಲದ ತೂಕ ಎಷ್ಟು ಕಳೆಯಬೇಕು ಎಂದು ಕೇಳಿದರು. ಹುಡುಗರು ಸೀನುತ್ತ ಸೀನುತ್ತ ನಕ್ಕರು. ಮರುವರ್ಷ ಆ ನಿಯಮವೇ ಹೋಯಿತು. ಇಂಥದ್ದನ್ನು ನಾಲ್ಕಾರು ಸಲ ನೋಡಿದ ಮೇಲೆ ನನಗೊಂದು ಉಡಾಫೆ ಬಂದಿತ್ತು. ಬರೆಯುವವರು ಬರೆಯುತ್ತಾರೆ, ಆಡುವವರು ಆಡುತ್ತಾರೆ ಎಂದುಕೊಂಡು ಸುತ್ತೋಲೆಯ ಮೊದಲ ಹಾಳೆಯ ಮೇಲೆ ಕಣ್ಣಾಡಿಸಿ, ಸಹಿ ಮಾಡಿ, ಟ್ರಂಕಿನಲ್ಲಿ ಎಸೆಯುತ್ತಿದ್ದೆ.

ನನ್ನ ತಂಡದವರೆಲ್ಲ ಹಳ್ಳಿಯ ಹುಡುಗರು. ಬಬಲೇಶ್ವರದಿಂದ ಇಬ್ಬರು, ನಿಡೋಣಿಯಿಂದ ಮೂವರು, ಉಳಿದವರು ತಿಕೋಟಾ ಕಡೆಯವರು. ಅವರಿಗೆ ಕಬಡ್ಡಿಯನ್ನು ನಾನು ಕಲಿಸಿದೆ ಎಂದರೆ ಸುಳ್ಳಾಗುತ್ತದೆ. ಅವರು ಹೊಲದ ಮಣ್ಣಲ್ಲಿ ಆಡಿ ಬಂದವರು. ಅಲ್ಲಿ ಸುಣ್ಣದ ಗೆರೆ ಇಲ್ಲ, ಹಿಮ್ಮಡಿಯಿಂದ ಗೀರಿದ ಗೆರೆ. ತೀರ್ಪು ಕೊಡುವ ಪಂಚ ಇಲ್ಲ, ಸೀಟಿ ಇಲ್ಲ. ಮುಟ್ಟಿಸಿಕೊಂಡವನು ತಾನೇ ಹೊರಗೆ ಹೋಗಬೇಕು. ಗೆರೆ ದಾಟಿ ಕಾಲಿಟ್ಟವನು ಸತ್ತಂತೆ, ಸತ್ತವನನ್ನು ಮರುಕ್ಷಣ ಬಿಟ್ಟುಬಿಡಬೇಕು. ಬಿಡದೆ ಹಿಡಿದು ಜಗ್ಗಿದರೆ ಅದು ಹಲ್ಕಟ್ ಆಟ. ಹಾಗೆ ಜಗ್ಗಿದವನನ್ನು ಮರುದಿನ ಯಾರೂ ಆಟಕ್ಕೆ ಕರೆಯುತ್ತಿರಲಿಲ್ಲ.

ತಂಡದ ನಾಯಕ ಬಿಜ್ಜರಗಿಯ ಬಸಲಿಂಗ. ಕುರಿ ಸಾಕುವ ಮನೆತನ, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವನು. ಎತ್ತರದ ಆಳು, ಮಾತು ಕಡಿಮೆ. ಓಡುವ ಟಗರಿನ ಹಿಂಗಾಲನ್ನು ಒಂದೇ ಕೈಯಲ್ಲಿ ಹಿಡಿದು ನಿಲ್ಲಿಸಿ ಪಳಗಿದ ಕೈ ಅದು. ಆ ಕೈ ಎದುರಾಳಿಯ ಕಾಲಿನ ಹರಡಿಗೆ ಬಿತ್ತೆಂದರೆ ಮುಗಿಯಿತು. ಆ ವರ್ಷ ಅವನದು ಬಿ.ಎ. ಕೊನೆಯ ವರ್ಷ. ದೈಹಿಕ ಶಿಕ್ಷಣದ ಕೋರ್ಸಿಗೆ ಸೇರಿ ನನ್ನಂತೆ ಮಾಸ್ತರ ಆಗಬೇಕೆಂದು ಅವನ ಆಸೆ. ಆ ಕೋರ್ಸಿಗೆ ಸೀಟು ಬೇಕಾದರೆ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ ಪ್ರಮಾಣಪತ್ರ ಇರಬೇಕಿತ್ತು. ಆ ತಂಡಕ್ಕೆ ಆಯ್ಕೆ ನಡೆಯುತ್ತಿದ್ದದ್ದು ವಲಯಗಳ ವಿಜೇತರು ಸೇರುವ ಕೊನೆಯ ಪಂದ್ಯಾವಳಿಯಲ್ಲಿ ಮಾತ್ರ. ಅಂದರೆ ನಾವು ನಮ್ಮ ವಲಯದಲ್ಲಿ ಗೆಲ್ಲಲೇಬೇಕು. ಡಿಗ್ರಿ ಮುಗಿದವರಿಗೆ ಮತ್ತೆ ಆಡಲು ಅವಕಾಶವಿಲ್ಲವಾದ್ದರಿಂದ, ಅವನಿಗೆ ಉಳಿದದ್ದು ಅದೊಂದೇ ವರ್ಷ.

ಆ ವರ್ಷದ ಸುತ್ತೋಲೆಯಲ್ಲಿ ಕಬಡ್ಡಿ ಅಂಗಳಕ್ಕೆ ಲಾಬಿ ಬಂತು. ಅಂಗಳದ ಎಡಬಲಕ್ಕೆ ಒಂದೊಂದು ಮೀಟರಿನ ಪಟ್ಟಿ. ದಾಳಿಗೆ ಬಂದವನನ್ನು ಹಿಡಿದು ಜಗ್ಗಾಟ ಶುರುವಾಯಿತೆಂದರೆ ಆ ಪಟ್ಟಿಯೂ ಅಂಗಳವೇ. ಅಲ್ಲಿ ಕಾಲಿಟ್ಟರೆ ಅವನು ಸಾಯುವುದಿಲ್ಲ. ಬೇರೆ ವಲಯಗಳಲ್ಲಿ ಮೊದಲೇ ಇತ್ತಂತೆ, ನಮ್ಮಲ್ಲಿ ಹೊಸದು. ನಾನು ಓದಿದೆ. ಓದಿ, ಇದೂ ತಕ್ಕಡಿಯ ಹಾಗೆ ಒಂದು ವರ್ಷದ ಮಾತು ಎಂದುಕೊಂಡೆ. ಸುಣ್ಣ ಹಾಕುವಾಗ ಪಟ್ಟಿಯನ್ನೇನೋ ಹಾಕಿದೆ. ಬಸಲಿಂಗ ಬಂದು, ಈ ಹೊಸ ಗೆರೆ ಯಾಕೆ ಎಂದು ಕೇಳಿದ. ನನಗೆ ಬೆನ್ನು ನೋಯುತ್ತಿತ್ತು, ಬಿಸಿಲಿತ್ತು. ‘ಅದು ಚಂದಕ್ಕ ಹಾಕೇನಿ, ನೀವು ನಿಮ್ಮ ಆಟ ಆಡ್ರಿ’ ಎಂದೆ.

ವಲಯದ ಫೈನಲ್ ನಮ್ಮದೇ ಅಂಗಳದಲ್ಲಿ, ಸಂಕ್ರಮಣ ಮುಗಿದ ಮೇಲೆ. ಜಮಖಂಡಿ ಕಡೆಯ ತಂಡ. ಇನ್ನೆರಡು ನಿಮಿಷ ಇರುವಾಗ ನಾವು ಎರಡು ಅಂಕ ಮುಂದೆ ಇದ್ದೆವು. ಅವರ ಗಟ್ಟಿ ದಾಳಿಗಾರ ಬಂದ. ಬಸಲಿಂಗನ ಕೈ ಅವನ ಕಾಲಿಗೆ ಬಿತ್ತು, ಹಿಂದೆಯೇ ಮೂವರು ಮೈಮೇಲೆ ಬಿದ್ದರು. ಅವನು ಜಗ್ಗಾಡುತ್ತ ಜಗ್ಗಾಡುತ್ತ ಒಂದು ಕಾಲನ್ನು ಪಟ್ಟಿಯಲ್ಲಿಟ್ಟ. ಬಸಲಿಂಗ ‘ಸತ್ತಾನ, ಬಿಡ್ರಲೇ’ ಎಂದು ಕೈ ಬಿಟ್ಟ. ಉಳಿದ ಮೂವರೂ ಬಿಟ್ಟರು. ಒಬ್ಬನಂತೂ ಅವನನ್ನು ಕೈ ಹಿಡಿದು ಎಬ್ಬಿಸಿದ. ಅವನು ಇನ್ನೂ ಕಬಡ್ಡಿ ಕಬಡ್ಡಿ ಎನ್ನುತ್ತಲೇ ಎದ್ದ, ಮೈ ಮಣ್ಣು ಕೊಡವಿಕೊಳ್ಳದೆ ಪಟ್ಟಿಯ ಗುಂಟ ನಡೆದು ನಡುಗೆರೆ ಮುಟ್ಟಿದ. ಪಂಚರು ಸೀಟಿ ಊದಿ ನಮ್ಮ ನಾಲ್ವರನ್ನೂ ಹೊರಗೆ ಕಳಿಸಿದರು. ಒಂದೇ ದಾಳಿಗೆ ನಾಲ್ಕು ಅಂಕ. ಉಳಿದ ಹೊತ್ತಿನಲ್ಲಿ ನಮ್ಮವರು ಒಂದು ಅಂಕ ತಂದರು, ಒಂದು ಅಂಕದಿಂದ ಸೋತೆವು.

ನಾನು ಅಂಗಳಕ್ಕೆ ನುಗ್ಗಿದೆ. ಪಂಚರು ಬೇರೆ ಕಾಲೇಜಿನ ದೈಹಿಕ ನಿರ್ದೇಶಕರು, ನನಗಿಂತ ಕಿರಿಯರು. ಅವರ ಮೇಲೆ ಬಾಯಿಗೆ ಬಂದಂತೆ ಕೂಗಾಡಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ. ಅವರು ತಡೆದುಕೊಂಡು, ಅಂಗಿಯ ಜೇಬಿನಿಂದ ಮಡಿಸಿದ ಸುತ್ತೋಲೆ ತೆಗೆದು, ನನ್ನ ಅಡ್ಡಹೆಸರು ಹಿಡಿದು ಕೇಳಿದರು.

‘ಜಮಾದಾರ ಸರ್, ಇದು ನಿಮಗ ಬಂದಿಲ್ಲೇನ್ರಿ?’

ಬಂದಿತ್ತು. ಬಂದದ್ದು ನನಗೆ ಗೊತ್ತಿತ್ತು, ಅದು ಇಡೀ ಅಂಗಳಕ್ಕೆ ಗೊತ್ತಾಗುವುದರೊಳಗೆ ನಾನು ತಿರುಗಿ ನಮ್ಮ ಹುಡುಗರ ಕಡೆ ಹೋದೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ. ಬಸಲಿಂಗ ತಲೆ ತಗ್ಗಿಸಿ ನಿಂತಿದ್ದ. ಎಲ್ಲರ ಮುಂದೆ ಅವನಿಗೆ ಹೇಳಿದೆ: ‘ಕುರಿ ಹಿಡಿಯೋ ಕೈಗೆ ಮನಶ್ಯಾನ್ನ ಹಿಡಿಯಾಕ ಬರಂಗಿಲ್ಲ. ಹೋಗು, ಅದನ್ನ ಮಾಡು.’

ಅವನು ಜರ್ಸಿ ಬಿಚ್ಚಿ, ಮಡಿಸಿ, ನನ್ನ ಕೈಗೆ ಕೊಟ್ಟು ಹೋದ. ಉಳಿದ ಹುಡುಗರೂ ಅವನೇ ಸೋಲಿಸಿದ ಎಂದುಕೊಂಡರು. ನಾನು ಹಾಗೆಯೇ ಅಂದುಕೊಳ್ಳಲು ಬಿಟ್ಟೆ. ಸೋತವರ ಹಂಗಾಮು ಅಲ್ಲಿಗೆ ಮುಗಿಯಿತು ಎನ್ನುವುದು ಆವರೆಗಿನ ಪದ್ಧತಿ. ಜರ್ಸಿಗಳನ್ನು ಟ್ರಂಕಿಗೆ ಹಾಕಿ, ಹುಡುಗರನ್ನು ಊರಿಗೆ ಕಳಿಸಿ, ಕೋಣೆಗೆ ಬೀಗ ಹಾಕಿದೆ.

ಎರಡು ವಾರ ಕಳೆದಿರಬೇಕು, ಪ್ರಿನ್ಸಿಪಾಲರು ಕರೆಸಿದರು. ಅವರು ಗಣಿತದವರು. ಆಟದ ಅಂಗಳಕ್ಕೆ ಕಾಲಿಟ್ಟವರಲ್ಲ, ಆದರೆ ಬಂದ ಕಾಗದದ ಒಂದು ಅಕ್ಷರವನ್ನೂ ಬಿಟ್ಟವರಲ್ಲ. ಅವರ ಮೇಜಿನ ಮೇಲೆ, ಆ ವರ್ಷ ಕೊನೆಯ ಪಂದ್ಯಾವಳಿ ನಡೆಸುವ ಬಾಗಲಕೋಟೆಯ ಕಾಲೇಜಿನಿಂದ ಬಂದ ಒಂದು ಪತ್ರವಿತ್ತು. ನಿಮ್ಮ ತಂಡ ಎಷ್ಟು ಜನ ಬರುತ್ತೀರಿ, ಊಟಕ್ಕೆ ವ್ಯವಸ್ಥೆ ಮಾಡಬೇಕು ಎಂದು ಕೇಳಿದ್ದರು. ಪಂದ್ಯಾವಳಿಗೆ ಇನ್ನು ಮೂರು ದಿನ.

‘ತಯಾರಿ ಹೆಂಗ ನಡದೈತಿ?’ ಎಂದು ಕೇಳಿದರು.

ನನಗೆ ತಲೆಬುಡ ತಿಳಿಯಲಿಲ್ಲ. ಸೋತವರಿಗೆ ಎಂಥ ಪಂದ್ಯಾವಳಿ? ಆದರೂ ಬಾಯಿ ತಾನೇ ‘ಛಲೋ ನಡದೈತ್ರಿ ಸರ್’ ಎಂದಿತು. ಹೊರಗೆ ಬಂದು ಓಡುತ್ತ ಕೋಣೆಗೆ ಹೋದೆ. ಟ್ರಂಕು ಬೋರಲು ಹಾಕಿ, ನೆಟ್ಟಿನ ಕೆಳಗಿಂದ ಸುತ್ತೋಲೆ ಹುಡುಕಿ ತೆಗೆದೆ. ಮೊದಲ ಹಾಳೆಯಲ್ಲಿ ಲಾಬಿ. ಅದರ ಹಿಂದೆ ಟಾಚಣಿ ಪಿನ್ನು ಚುಚ್ಚಿ ಸೇರಿಸಿದ ಇನ್ನೊಂದು ಹಾಳೆ. ಈ ವರ್ಷದಿಂದ ಕೊನೆಯ ಪಂದ್ಯಾವಳಿಗೆ ಪ್ರತಿ ವಲಯದಿಂದ ವಿಜೇತರ ಜೊತೆಗೆ ಎರಡನೇ ಸ್ಥಾನದವರೂ ಬರತಕ್ಕದ್ದು, ನಾಲ್ಕು ತಂಡಗಳ ಬದಲು ಎಂಟು, ಪ್ರತಿ ತಂಡಕ್ಕೂ ಕನಿಷ್ಠ ಮೂರು ಪಂದ್ಯ. ನಾನು ಆರು ತಿಂಗಳು ಅದರ ಮೇಲೆ ನೆಟ್ಟು ಇಟ್ಟುಕೊಂಡು ಕೂತಿದ್ದೆ.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮೊದಲು ಖುಷಿಯಾಯಿತು ಎಂದು ಹೇಳಿದರೆ ಸುಳ್ಳು. ಮೊದಲು ಆದದ್ದು ಹೆದರಿಕೆ. ಬಸಲಿಂಗ ಅಂದಿನಿಂದ ಕಾಲೇಜಿಗೆ ಬಂದಿರಲಿಲ್ಲ. ಒಂದು ಹಾಳೆಯನ್ನು ಓದಿ ಕಲಿಸಲಿಲ್ಲ, ಇನ್ನೊಂದನ್ನು ಓದಲೇ ಇಲ್ಲ, ನಡುವೆ ಆ ಹುಡುಗನನ್ನು ನೂರಾರು ಜನರ ಮುಂದೆ ಹೀಗಳೆದು ಓಡಿಸಿದ್ದೆ. ಅವನು ಬರದಿದ್ದರೆ ಅವನ ಸೀಟು ಹೋಯಿತು, ಅದನ್ನು ಕಳೆದವನು ನಾನು.

ಆಗ ಹಳ್ಳಿಗಳಿಗೆ ಸುದ್ದಿ ಮುಟ್ಟಿಸಲು ನಮಗಿದ್ದ ಟಪಾಲು ಎಂದರೆ ಬಸ್ಸಿನ ಕಂಡಕ್ಟರು. ಚೀಟಿ ಬರೆದು ಬಬಲೇಶ್ವರದ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟೆ. ಅವರು ಅಲ್ಲಿ ಇಮಾಮಹುಸೇನನ ಅಪ್ಪನ ಹೊಲಿಗೆ ಅಂಗಡಿಗೆ ಮುಟ್ಟಿಸುತ್ತಾರೆ, ಇಮಾಮ ನಮ್ಮ ಉಪನಾಯಕ, ಅವನು ಸೈಕಲ್ ಹತ್ತಿ ನಿಡೋಣಿಯವರನ್ನು ಎಬ್ಬಿಸಿಕೊಂಡು ಬರುತ್ತಾನೆ. ಆ ಕಡೆಯ ಚಿಂತೆ ಇರಲಿಲ್ಲ. ತಿಕೋಟಾದ ಹುಡುಗರಿಗೂ ಹಾಗೇ ಚೀಟಿ ಹೋಯಿತು. ಬಸಲಿಂಗನಿಗೆ ಮಾತ್ರ ಚೀಟಿ ಕಳಿಸುವ ಮುಖ ನನಗಿರಲಿಲ್ಲ. ಮರುದಿನ ಮುಂಜಾನೆ ಮೊದಲ ಬಸ್ಸಿಗೆ ನಾನೇ ಹೊರಟೆ.

ಬಿಜ್ಜರಗಿಯಲ್ಲಿ ಅವನ ಅವ್ವ ಸಿಕ್ಕಳು. ಮಗ ಅಪ್ಪನ ಜೊತೆ ಕುರಿ ಹೊಡೆದುಕೊಂಡು ಕಳ್ಳಕವಟಗಿ ಕಡೆ ಹೋಗಿದ್ದಾನೆ, ಜೋಳ ಕೊಯ್ದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ನಿಲ್ಲಿಸುತ್ತಾರೆ, ಯಾರ ಹೊಲ ಎಂದು ತನಗೆ ಗೊತ್ತಿಲ್ಲ ಎಂದಳು. ನಡೆದೆ. ಹಿಂಡಿಗೆ ವಿಳಾಸ ಇರುವುದಿಲ್ಲ. ಒಬ್ಬ ರೈತ ಮೊನ್ನೆ ಇಲ್ಲಿದ್ದರು ಎಂದು ನೆಲದ ಹಿಕ್ಕಿ ತೋರಿಸಿದ, ಇನ್ನೊಬ್ಬ ನಿನ್ನೆ ಹಳ್ಳದ ಆಚೆ ಇದ್ದರು ಎಂದ. ಮಧ್ಯಾಹ್ನ ಏರುವ ಹೊತ್ತಿಗೆ ಒಂದು ಜಾಲಿ ಗಿಡದ ಕೆಳಗೆ ಹಿಂಡು ಕಂಡಿತು. ಕಾಲಿನ ಬೂಟು ನನ್ನನ್ನು ಕಚ್ಚಿ ಕಚ್ಚಿ ಹಣ್ಣು ಮಾಡಿತ್ತು. ಅದನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಹೋದೆ.

ಬಸಲಿಂಗ ನನ್ನನ್ನು ನೋಡಿ ಎದ್ದು ನಿಂತ, ಮುಂದೆ ಬರಲಿಲ್ಲ. ಅವನ ಅಪ್ಪ ಮಾಳಪ್ಪ ಕಂಬಳಿ ಹಾಸಿ ಕೂರಿಸಿದ, ರೊಟ್ಟಿ ಬಿಚ್ಚಿದ. ನಾನು ವಿಷಯ ಹೇಳಿದೆ. ಮಾಳಪ್ಪನಿಗೆ ಅದು ನಂಬಿಕೆಯಾಗಲಿಲ್ಲ.

‘ಸೋತ ಮ್ಯಾಲೂ ಆಡಾಕ ಕರೀತಾರೇನ್ರಿ ಸಾಹೇಬ್ರ? ಇದೆಂಥಾ ಆಟ?’

‘ಈ ವರ್ಷ ಹಂಗ ಮಾಡ್ಯಾರಪ್ಪ, ಎರಡನೇದವ್ರಿಗೂ ಅವಕಾಶ ಐತಿ.’

ಬಸಲಿಂಗ ಕುರಿಗಳ ಕಡೆ ಮುಖ ಮಾಡಿಯೇ ಹೇಳಿದ: ‘ನನ್ನಿಂದ ಸೋತೀವ್ರಿ ಸರ್. ನಾ ಇಲ್ಲದಿದ್ರ ಗೆಲ್ಲತೀರಿ.’

ನಿಜ ಹೇಳಲು ಅದಕ್ಕಿಂತ ಸರಿಯಾದ ಹೊತ್ತು ಇರಲಿಲ್ಲ. ತಪ್ಪು ನಿನ್ನದಲ್ಲ, ನಾನು ಕಲಿಸಲಿಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಅವನ ಅಪ್ಪ ನನ್ನನ್ನು ಕಂಬಳಿಯ ಮೇಲೆ ಕೂರಿಸಿ ತಾನು ಮಣ್ಣಲ್ಲಿ ಕೂತಿದ್ದ. ಅಷ್ಟು ಮರ್ಯಾದೆ ಕೊಟ್ಟವರ ಮುಂದೆ ಸಣ್ಣವನಾಗಲು ನನಗೆ ಧೈರ್ಯ ಬರಲಿಲ್ಲ. ಆದದ್ದು ಆಯಿತು, ಬಾ ಎಂದಷ್ಟೇ ಅಂದೆ. ಕೊನೆಗೆ ಮಾಳಪ್ಪನೇ ತೀರ್ಮಾನ ಮಾಡಿದ. ನನ್ನ ಕಾಲಿನ ಬೊಬ್ಬೆ ನೋಡಿ, ಮಾಸ್ತರು ಇಷ್ಟು ದೂರ ಬರಿಗಾಲಲ್ಲಿ ಬಂದಿದ್ದಾರೆ, ಇಲ್ಲ ಅನ್ನಬಾರದು ಎಂದು ಮಗನಿಗೆ ಹೇಳಿದ. ಅಪ್ಪನ ಮಾತಿಗೆ ಅವನು ಬಂದ, ನನ್ನ ಮಾತಿಗಲ್ಲ.

ಬಾಗಲಕೋಟೆಗೆ ರೈಲಿನಲ್ಲಿ ಹೋದೆವು. ಹುಡುಗರೆಲ್ಲ ಒಂದು ಕಡೆ, ಬಸಲಿಂಗ ಕಿಟಕಿಯ ಹತ್ತಿರ ಒಬ್ಬನೇ. ಯಾರೂ ಅವನನ್ನು ಮಾತಾಡಿಸಲಿಲ್ಲ. ಇಮಾಮ ಶೇಂಗಾ ಹಂಚಿದ, ಅವನಿಗೆ ಮಾತ್ರ ಕೊಡಲಿಲ್ಲ. ನಾನು ನನ್ನ ಪಾಲಿನದನ್ನು ಅವನ ಮುಂದಿಟ್ಟೆ, ಅವನು ಮುಟ್ಟಲಿಲ್ಲ.

ಮೊದಲ ಪಂದ್ಯ ಮುಂಜಾನೆ. ಅದು ಪಂದ್ಯವೇ ಅಲ್ಲ. ಬಸಲಿಂಗನ ಕೈ ಎದುರಾಳಿಯ ಕಾಲಿನವರೆಗೆ ಹೋಗುತ್ತಿತ್ತು, ಹಿಡಿಯುತ್ತಿರಲಿಲ್ಲ. ಹಿಡಿದರೆ ಯಾವಾಗ ಬಿಡಬೇಕು, ಬಿಟ್ಟರೆ ಏನು ಅನ್ನುತ್ತಾರೆ ಎಂಬ ಲೆಕ್ಕ ಅವನ ಮುಖದ ಮೇಲೇ ಕಾಣುತ್ತಿತ್ತು. ಅವನು ಹಿಡಿದಾಗಲೂ ಉಳಿದವರು ಬೆಂಬಲಕ್ಕೆ ಬರಲಿಲ್ಲ. ಹೀನಾಯವಾಗಿ ಸೋತೆವು. ಶಾಮಿಯಾನದ ಕೆಳಗೆ ಆಯ್ಕೆ ಸಮಿತಿಯ ಮೂವರು ಕೂತಿದ್ದರು. ಅವರಲ್ಲಿ ಒಬ್ಬರಿಗೆ ನನ್ನ ಪರಿಚಯವಿತ್ತು. ನೀರು ಕುಡಿಯುವ ನೆಪದಲ್ಲಿ ಹತ್ತಿರ ಬಂದು, ಮೆಲ್ಲಗೆ ಕೇಳಿದರು.

‘ನಿಮ್ಮ ಆ ಎತ್ತರದ ಹುಡುಗನ ಕೈಗೆ ಪೆಟ್ಟು ಬಿದ್ದೈತೇನ್ರಿ? ಹೋದ ವರ್ಷ ವಲಯದಾಗ ನೋಡಿದಾಗ ಹಿಂಗ ಇದ್ದಿದ್ದಿಲ್ಲ ಅಂವ.’

ಹೌದು, ಪೆಟ್ಟು ಬಿದ್ದಿತ್ತು, ಹಾಕಿದವನು ನಾನು. ಇನ್ನು ಎರಡು ಪಂದ್ಯ ಉಳಿದಿದ್ದವು. ನಾನು ದೊಡ್ಡವನಾಗಿ ಉಳಿದರೆ ಈ ಹುಡುಗ ಕುರಿಗಳ ಹಿಂದೆಯೇ ಉಳಿಯುತ್ತಾನೆ ಎನ್ನುವುದು ಅಲ್ಲಿ ನಿಂತ ನಿಲುವಿನಲ್ಲೇ ನನಗೆ ಸ್ಪಷ್ಟವಾಯಿತು.

ಹುಡುಗರನ್ನೆಲ್ಲ ಬೇವಿನ ಮರದ ಕೆಳಗೆ ಕರೆದೆ. ಸುತ್ತೋಲೆಯ ಮೊದಲ ಹಾಳೆ ತೆಗೆದು, ಲಾಬಿಯ ನಿಯಮವನ್ನು ಜೋರಾಗಿ ಓದಿದೆ. ಕೆಳಗೆ ನನ್ನ ಸಹಿ ಮತ್ತು ತಾರೀಖು ಇತ್ತು, ಅದನ್ನೂ ಓದಿದೆ. ಇದು ನನ್ನ ಕೈಗೆ ಬಂದು ಆರು ತಿಂಗಳಾಯಿತು, ನಾನು ನಿಮಗೆ ಕಲಿಸಲಿಲ್ಲ, ಗೆರೆ ಯಾಕೆ ಎಂದು ಬಸಲಿಂಗ ಕೇಳಿದಾಗ ಚಂದಕ್ಕೆ ಎಂದೆ, ಫೈನಲ್ ಸೋತದ್ದು ಅವನಿಂದಲ್ಲ, ನನ್ನಿಂದ ಎಂದೆ. ಎರಡನೇ ಹಾಳೆಯನ್ನು ಓದಿಯೇ ಇರಲಿಲ್ಲ ಎನ್ನುವುದನ್ನೂ ಹೇಳಿದೆ. ಆ ಕಾಲದಲ್ಲಿ ಮಾಸ್ತರ ತನ್ನ ತಪ್ಪನ್ನು ಹುಡುಗರ ಮುಂದೆ ಹೇಳಿದ್ದನ್ನು ನಾನು ಕೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಇನ್ನು ಮೇಲೆ ಇವರು ನನ್ನ ಮಾತು ಕೇಳುವುದಿಲ್ಲ ಎಂದೇ ಅಂದುಕೊಂಡೆ.

ಇಮಾಮ ನೆಲ ನೋಡುತ್ತ ಹೇಳಿದ: ‘ಮತ್ತ ನಾವು ಇಷ್ಟ ದಿನಾ ಇವನ್ನ ಸುಮ್ನ ದೂರ ಇಟ್ಟೀವಿ ಅಲ್ರೀ ಸರ್.’

‘ಹೌದಪ್ಪ. ಅದೂ ನನ್ನ ತಪ್ಪ. ಮತ್ತ ಬಸಲಿಂಗ, ಅವತ್ತ ನಾ ನಿನಗ ಆಡಿದ ಮಾತು ಭಾಳ ಕೆಟ್ಟದ್ದು. ಆಡಬಾರದಿತ್ತು.’

ಬಸಲಿಂಗ ನನ್ನ ಮುಖ ನೋಡಿದ. ಅಷ್ಟು ದಿನಗಳಲ್ಲಿ ಮೊದಲ ಸಲ ನೇರವಾಗಿ ನೋಡಿದ. ಬೈಯುತ್ತಾನೋ ಅಳುತ್ತಾನೋ ಎಂದು ನಾನು ಕಾದೆ.

‘ಈಗ ಕಲಸ್ರಿ ಸರ್’ ಎಂದ.

ಕಲಿಸಿದೆ. ಸುಣ್ಣ ಇರಲಿಲ್ಲ, ಮರದ ಕೆಳಗಿನ ಮಣ್ಣಿನಲ್ಲಿ ಬರಿಗಾಲಿನ ಹಿಮ್ಮಡಿಯಿಂದ ಗೆರೆ ಗೀರಿದೆ. ನಾನೇ ದಾಳಿಗಾರನಾದೆ. ಕೈ ಬಿದ್ದ ಮೇಲೆ ಪಟ್ಟಿ ನಿಮ್ಮದು, ಅದರ ಆಚೆ ಹೋದರಷ್ಟೇ ಸತ್ತ, ಸೀಟಿ ಕೇಳುವವರೆಗೆ ಬಿಡಬೇಡಿ ಎಂದೆ. ಸೀಟಿ ಊದಲು ಇಮಾಮನನ್ನು ನಿಲ್ಲಿಸಿದೆ. ಬಸಲಿಂಗ ನನ್ನ ಹರಡು ಹಿಡಿದ. ನಾನು ಮೂವತ್ತು ದಾಟಿದವನು, ಹೊಟ್ಟೆ ಬರಲು ಶುರುವಾಗಿತ್ತು. ಧೊಪ್ಪೆಂದು ಬಿದ್ದೆ, ಮೇಲೆ ಮೂವರು ಬಿದ್ದರು. ಇಮಾಮ ಬೇಕೆಂದೇ ಸೀಟಿ ಊದಲು ತಡ ಮಾಡಿದ. ನನ್ನ ಬಾಯಿ ತುಂಬ ಮಣ್ಣು. ಊದೋ ಲೇ, ಊದೋ ಲೇ ಎಂದು ನಾನು ಕೈ ಬಡಿಯುತ್ತಿದ್ದೆ, ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬಸಲಿಂಗನೂ ನಕ್ಕ. ಆ ನಗು ಕೇಳಿದಾಗ ನನಗೆ ಅರ್ಧ ಹೋದ ಜೀವ ಬಂದಂತಾಯಿತು.

ಇಳಿಹೊತ್ತಿನ ಎರಡನೇ ಪಂದ್ಯ ಗೆದ್ದೆವು. ಬಸಲಿಂಗ ಹಿಡಿದದ್ದನ್ನು ಬಿಡಲಿಲ್ಲ. ಇಮಾಮ ಅವನ ಪಕ್ಕವೇ ನಿಂತು ಆಡಿದ. ಮರುದಿನದ ಮೂರನೆಯದರಲ್ಲಿ ಸೋತೆವು, ಎದುರಿನವರು ನಿಜವಾಗಿ ನಮಗಿಂತ ಗಟ್ಟಿ. ಮುಂದಿನ ಸುತ್ತಿಗೆ ಹೋಗಲಿಲ್ಲ. ಈ ಕಥೆಯಲ್ಲಿ ಗೆದ್ದ ಕಪ್ ಇಲ್ಲ, ಹುಡುಕಬೇಡಿ.

ಕೊನೆಯ ದಿನ ಆಯ್ಕೆಯಾದ ಹನ್ನೆರಡು ಜನರ ಹೆಸರು ಓದಿದರು. ನಾನು ಶಾಮಿಯಾನದ ಕಂಬ ಹಿಡಿದು ನಿಂತಿದ್ದೆ. ಆರಾಯಿತು, ಏಳಾಯಿತು, ಎಂಟಾಯಿತು, ಎಲ್ಲ ಗೆದ್ದ ತಂಡಗಳವರೇ. ಒಂಬತ್ತು, ಹತ್ತು. ಹನ್ನೊಂದನೆಯದು ಬಸಲಿಂಗನ ಹೆಸರು. ಅವನು ಕಾಯ್ದಿರಿಸಿದ ಆಟಗಾರ, ಆಡಿಸಿದರೆ ಆಡಿಸಿದರು ಇಲ್ಲದಿದ್ದರೆ ಇಲ್ಲ. ನಾನು ಓಡಿ ಹೋಗಿ ಆ ಪರಿಚಯದವರನ್ನು ಹಿಡಿದುಕೊಂಡು, ಕಾಯ್ದಿರಿಸಿದವರಿಗೂ ಪ್ರಮಾಣಪತ್ರ ಕೊಡುತ್ತಾರೆಯೇ ಎಂದು ಕೇಳಿದೆ. ಹನ್ನೆರಡು ಜನರಿಗೂ ಒಂದೇ ಪ್ರಮಾಣಪತ್ರ, ಅದರಲ್ಲಿ ಮೊದಲನೆಯವ ಕೊನೆಯವ ಎಂದು ಬರೆಯುವುದಿಲ್ಲ ಎಂದರು. ನಾನು ಇನ್ನೊಮ್ಮೆ ಕೇಳಿದೆ. ಅವರು ಇನ್ನೊಮ್ಮೆ ಹೇಳಿದರು. ಮೂರನೇ ಸಲ ಕೇಳಿದಾಗ ಬೈದರು. ಆ ಬೈಗುಳ ಕೇಳಿ ನನಗೆ ಆದ ಸಮಾಧಾನವನ್ನು ಈಗ ಬರೆಯಲು ಬರುವುದಿಲ್ಲ. ಬಸಲಿಂಗ ಮುಂದಿನ ವರ್ಷ ಆ ಕೋರ್ಸಿಗೆ ಸೇರಿದ, ತಿಕೋಟಾ ಕಡೆಯ ಹೈಸ್ಕೂಲಿನಲ್ಲಿ ಮಾಸ್ತರನಾದ, ಅಲ್ಲಿಯೇ ನಿವೃತ್ತನೂ ಆದ.

ಪಂದ್ಯಾವಳಿ ದೊಡ್ಡದಾದದ್ದನ್ನು ನಮ್ಮವರಲ್ಲಿ ಎಲ್ಲರೂ ಒಪ್ಪಲಿಲ್ಲ. ಮುಂದಿನ ವರ್ಷಗಳಲ್ಲಿ ದೈಹಿಕ ನಿರ್ದೇಶಕರ ಸಭೆಗಳಲ್ಲಿ ದೊಡ್ಡ ವಾದವೇ ನಡೆಯುತ್ತಿತ್ತು. ಸೋತವರಿಗೆ ಮತ್ತೆ ಬಾಗಿಲು ತೆರೆದರೆ ಗೆದ್ದದ್ದಕ್ಕೆ ಏನು ಬೆಲೆ, ಹಂಗಾಮು ಉದ್ದವಾಗಿ ಹುಡುಗರ ಪರೀಕ್ಷೆ ಕೆಡುತ್ತದೆ ಎನ್ನುವವರು ಬಹಳ ಜನ. ಅವರ ಮಾತಿನಲ್ಲಿ ಸುಳ್ಳೇನೂ ಇಲ್ಲ. ಆ ಸುತ್ತೋಲೆಗೆ ಮೊದಲು ನಾನೂ ಅದನ್ನೇ ಅನ್ನುತ್ತಿದ್ದೆ. ಆಮೇಲೆ ನಾನು ಆ ವಾದದಲ್ಲಿ ಬಾಯಿ ಬಿಡಲಿಲ್ಲ. ಎರಡನೇ ಅವಕಾಶ ಕೊಟ್ಟದ್ದು ಹುಡುಗರಿಗೆ ಎಂದು ಅವರೆಲ್ಲ ತಿಳಿದಿದ್ದರು, ಆ ವರ್ಷ ಅದು ನನಗೆ ಸಿಕ್ಕಿತ್ತು.

ಬಾಗಲಕೋಟೆಯಿಂದ ಬಂದ ಮರುದಿನ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಹುಡುಗನ ಆಯ್ಕೆಯ ಸುದ್ದಿ ಹೇಳಿದೆ. ಅವರು ತಲೆಯಾಡಿಸಿ, ಮತ್ತೆ ಕಾಗದಗಳ ಕಡೆ ತಿರುಗಿದರು. ನಾನು ಹೋಗಲಿಲ್ಲ. ಅವತ್ತು ತಯಾರಿ ನಡೆದಿದೆ ಎಂದದ್ದು ಸುಳ್ಳು ಎಂದೆ. ಲಾಬಿಯಿಂದ ಹಿಡಿದು ಎರಡನೇ ಹಾಳೆಯವರೆಗೆ, ಹುಡುಗನಿಗೆ ಆಡಿದ ಮಾತನ್ನೂ ಬಿಡದೆ, ಎಲ್ಲ ಹೇಳಿದೆ. ನೌಕರಿ ಹೋದರೂ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಬಂದಿದ್ದೆ. ಅವರು ಪೆನ್ನಿನ ಮುಚ್ಚಳ ಹಾಕಿ, ಕೇಳಿಸಿಕೊಂಡರು.

‘ಇದನ್ನ ಆ ಹುಡುಗಗ ಹೇಳೀರೇನ್ರಿ?’

‘ಹೇಳೇನ್ರಿ ಸರ್. ಎಲ್ಲಾರ ಮುಂದ.’

‘ಮತ್ತ ನನಗ್ಯಾಕ ಹೇಳಾಕತ್ತೀರಿ? ಹೋಗ್ರಿ, ಮನಿಗಿ ಹೋಗಿ ಮಲಕೋರಿ. ಕನ್ನಡ್ಯಾಗ ಮಾರಿ ನೋಡಿಕೊಂಡೀರೇನು?’

ಮನೆಗೆ ಹೋದೆ. ಇನ್ನೂ ಮಧ್ಯಾಹ್ನದ ನಮಾಜಿನ ಹೊತ್ತಾಗಿರಲಿಲ್ಲ. ಇಷ್ಟು ಬೇಗ ಯಾಕೆ ಬಂದಿರಿ, ಜ್ವರವೇ ಎಂದು ಹೆಂಡತಿ ಹಣೆ ಮುಟ್ಟಿ ನೋಡಿದಳು. ಏನಿಲ್ಲ ಎಂದೆ. ಕಾಲಿನ ಬೊಬ್ಬೆಗೆ ಎಣ್ಣೆ ಹಚ್ಚಿಸಿಕೊಂಡು, ಹಾಸಿಗೆ ಹಾಸದೆ ಬರಿ ಚಾಪೆಯ ಮೇಲೆ ಬಿದ್ದುಕೊಂಡೆ. ಮೂರು ವಾರದಲ್ಲಿ ಮೊದಲ ಸಲ ನಿದ್ದೆ ಬಂತು.